ಕಲೀಗ್ ಬರ್ತಾರ್ರಿ

ಇಪ್ಪತ್ತಾರು ವರ್ಷ ಇಂಗ್ಲಿಷ್ ಕಲಿಸಿ ಹೊಟ್ಟೆ ಹೊರೆದವನು ನಾನು. ಅಂಥವನಿಗೆ ಒಂದು ಇಂಗ್ಲಿಷ್ ಶಬ್ದ ಕಿವಿಗೆ ಬಿದ್ದರೆ ಹೇಸಿಗೆಯಾಗುತ್ತದೆ ಎಂದರೆ ನಿಮಗೆ ನಗು ಬಂದೀತು. ಅದೇನು ಬೈಗುಳವಲ್ಲ. ಓದಿದವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮರ್ಯಾದಸ್ಥ ಶಬ್ದ. ಕಲೀಗ್. ಜೊತೆಗೆ ಕೆಲಸ ಮಾಡುವವರು ಎಂದು ಅರ್ಥ. ನನ್ನ ತಂದೆಯೂ ನೌಕರಿಯಲ್ಲಿದ್ದವರೇ. ಅವರು "ನಮ್ಮ ಆಫೀಸಿನ್ಯಾವರು" ಎನ್ನುತ್ತಿದ್ದರು, ಹಾಗೆಂದವರ ಮನೆಯಲ್ಲಿ ಸಾವಾದರೆ ಹೆಗಲು ಕೊಡಲು ಹೋಗುತ್ತಿದ್ದರು. ನಾವು ಶಬ್ದ ಬದಲಿಸಿಕೊಂಡೆವು. ಹೆಗಲು ಕೊಡುವ ಕೆಲಸವನ್ನು ವಾಟ್ಸಾಪಿನ ಕೈಮುಗಿದ ಚಿತ್ರಕ್ಕೆ ಬಿಟ್ಟೆವು.

ನಮ್ಮ ಕಾಲೇಜಿನಲ್ಲಿ ಈ ಶಬ್ದವನ್ನು ಎಲ್ಲರಿಗಿಂತ ಹೆಚ್ಚು ಬಳಸಿದವರು ಅರ್ಥಶಾಸ್ತ್ರದ ಸರ್. ಮನೆಯಲ್ಲಿ ತೊಟ್ಟಿಲ ಕಾರ್ಯವಾದರೂ "ಡಿಯರ್ ಕಲೀಗ್ಸ್", ಸ್ಟಾಫ್ ರೂಮಿನ ಫ್ಯಾನು ಕೆಟ್ಟರೂ "ಡಿಯರ್ ಕಲೀಗ್ಸ್". ಇಷ್ಟು ಕರೆದು ಕರೆದು ಹೇಳುವ ಈ ಮನುಷ್ಯ ಹನ್ನೊಂದು ಗಂಟೆಯ ಚಹಾಕ್ಕೆ ತನ್ನ ಪಾಳಿ ಬಂದ ದಿನ ತಪ್ಪದೆ ಲೈಬ್ರರಿಯಲ್ಲಿ ಏನೋ ಹುಡುಕುತ್ತ ನಿಂತಿರುತ್ತಿದ್ದರು. ಎಂಜಲು ಕೈಯಲ್ಲಿ ಕಾಗೆ ಹೊಡೆಯದ ಜಾತಿ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದೆಯ ಜೇಬಿನಲ್ಲಿ ಎರಡು ಪೆನ್ನು, ಒಂದು ನೀಲಿ, ಒಂದು ಕೆಂಪು. ಪ್ಯಾಂಟಿನ ಎರಡೂ ಜೇಬಿನಲ್ಲಿ ದಸ್ತಿ. ನಮ್ಮ ಕಡೆ ಕರವಸ್ತ್ರಕ್ಕೆ ದಸ್ತಿ ಎನ್ನುತ್ತೇವೆ. ಒಟ್ಟು ನಾಲ್ಕು ದಸ್ತಿ. ಒಬ್ಬ ಮನುಷ್ಯನಿಗೆ ನಾಲ್ಕು ದಸ್ತಿ ಯಾಕೆ ಎಂದು ನೀವು ಕೇಳಬೇಕು.

ಕಾಲೇಜು ಬನಹಟ್ಟಿ ಕಡೆಗೆ, ನನ್ನ ಮನೆ ಮುಧೋಳದಲ್ಲಿ, ಅರ್ಥಶಾಸ್ತ್ರದ ಸರ್ ಮನೆಯೂ ಅಲ್ಲಿಯೇ. ಬೆಳಗಿನ ಬಸ್ಸು ಮುಧೋಳ ಬಿಟ್ಟು ರನ್ನ ಬೆಳಗಲಿ, ಮಹಾಲಿಂಗಪುರ ದಾಟಿ ಬನಹಟ್ಟಿಗೆ ಬಂದು ಮುಂದೆ ಜಮಖಂಡಿಗೆ ಹೋಗುತ್ತದೆ. ಬಸ್ಸು ಸ್ಟ್ಯಾಂಡಿನೊಳಗೆ ತಿರುಗುವಷ್ಟರಲ್ಲಿ ಅರ್ಥಶಾಸ್ತ್ರದ ಸರ್ ಅದರ ಪಕ್ಕದಲ್ಲೇ ಓಡುತ್ತ, ಕಿಟಕಿಯೊಳಗೆ ಒಂದೊಂದಾಗಿ ದಸ್ತಿ ಒಗೆದು ಸೀಟು ಹಿಡಿಯುತ್ತಿದ್ದರು. ಪಾಠ ಮಾಡುವಾಗ ಕುರ್ಚಿ ಬಿಟ್ಟು ಏಳದವರು ಈ ಹೊತ್ತಿನಲ್ಲಿ ಹದಿನೆಂಟರ ಹುಡುಗನಾಗುತ್ತಿದ್ದರು. ಒಂದು ದಸ್ತಿ ಅವರಿಗೆ, ಒಂದು ನನಗೆ. ಉಳಿದ ಎರಡು ಮಹಾಲಿಂಗಪುರದಲ್ಲಿ ಹತ್ತುವ ಇತಿಹಾಸದ ಸರ್ ಮತ್ತು ಕಾಮರ್ಸ್ ಮೇಡಂ ಅವರಿಗೆ. ದಸ್ತಿ ಬಿದ್ದ ಸೀಟಿನಲ್ಲಿ ಬೇರೆಯವರು ಕೂಡುವಂತಿಲ್ಲ, ಇದು ನಮ್ಮ ಭಾಗದ ಬಸ್ಸುಗಳ ಕಾಯಿದೆ. ಯಾವ ಪುಸ್ತಕದಲ್ಲೂ ಬರೆದಿಲ್ಲ, ಆದರೂ ಎಲ್ಲರೂ ಪಾಲಿಸುತ್ತಾರೆ.

ಹಾಗಾಗಿ ಮುಧೋಳದಿಂದ ಮಹಾಲಿಂಗಪುರದವರೆಗೆ ದಿನಾಲು ಎರಡು ಸೀಟುಗಳಲ್ಲಿ ಎರಡು ದಸ್ತಿಗಳು ಆರಾಮವಾಗಿ ಕೂತು ಪ್ರಯಾಣ ಮಾಡುತ್ತಿದ್ದವು. ಸುತ್ತಲೂ ಜನ ಕಂಬಿ ಹಿಡಿದು ಜೋಲಿ ಹೊಡೆಯುತ್ತಿದ್ದರು. ಯಾರಾದರೂ ಕೇಳಿದರೆ ಸರ್ ಮುಖ ಎತ್ತದೆ, "ಕಲೀಗ್ ಬರ್ತಾರ್ರಿ" ಎನ್ನುತ್ತಿದ್ದರು. ಹೊಲಕ್ಕೆ, ಸಂತೆಗೆ ಹೊರಟ ಜನ ಆ ಶಬ್ದ ಕೇಳಿದವರಲ್ಲ. ಯಾರೋ ದೊಡ್ಡ ಸಾಹೇಬರು ಬರುವವರಿದ್ದಾರೆಂದು ತಿಳಿದು ಹಿಂದೆ ಸರಿಯುತ್ತಿದ್ದರು. ಮಹಾಲಿಂಗಪುರದಲ್ಲಿ ಇತಿಹಾಸದ ಸರ್ ತಂಬಾಕು ಉಗುಳಿ ಹತ್ತಿದಾಗ ಆ ಬಡಪಾಯಿಗಳಿಗೆ ಏನನ್ನಿಸುತ್ತಿತ್ತೋ.

ರನ್ನ ಬೆಳಗಲಿಯಲ್ಲಿ ನಮ್ಮ ಕಾಲೇಜಿನ ಇನ್ನೊಬ್ಬರು ಹತ್ತುತ್ತಿದ್ದರು. ಕನ್ನಡದ ಮೇಡಂ. ಗೆಸ್ಟ್ ಲೆಕ್ಚರರ್, ಅಂದರೆ ಕಾಯಂ ಅಲ್ಲದವರು. ಐದು ವರ್ಷದಿಂದ ನಮ್ಮ ಮಕ್ಕಳಿಗೆ ಪಾಠ ಹೇಳುತ್ತಿದ್ದರೂ ಅವರ ಸಹಿಗೆ ಬೇರೆ ಪುಸ್ತಕ, ಕೂಡಲು ಲೈಬ್ರರಿಯ ಮೂಲೆ. ಸ್ಟಾಫ್ ರೂಮಿನ ಕುರ್ಚಿಗಳು ಕಾಯಂ ಜನರಿಗೆ. ಗೆಸ್ಟ್ ಜನರಿಗೆ ಆಡಳಿತ ಮಂಡಳಿ ಒಂದು ನಿಯಮ ಹಾಕಿತ್ತು: ಸೆಮಿಸ್ಟರಿನ ಕೊನೆಯ ದಿನದವರೆಗೆ ಬಂದವರ ಹೆಸರು ಮುಂದಿನ ವರ್ಷದ ಯಾದಿಯಲ್ಲಿ ಮೊದಲು ಬರುತ್ತದೆ, ನಡುವೆ ಬಿಟ್ಟವರಿಗೆ ಆಶೆ ಇಲ್ಲ. ಆ ವರ್ಷ ಮೇಡಂ ಬಸುರಿ. ಆರು ತಿಂಗಳು ತುಂಬಿತ್ತು, ಸೆಮಿಸ್ಟರ್ ಮುಗಿಯಲು ಇನ್ನೂ ಎರಡು ತಿಂಗಳಿತ್ತು. ಮೊದಲಿನದೊಂದು ನಿಲ್ಲದೆ ಹೋಗಿತ್ತಂತೆ. ಮುಧೋಳದ ಡಾಕ್ಟರು, ಕೂತು ಹೋಗುವುದಾದರೆ ಹೋಗಿ, ನಿಂತು ಹೋಗುವುದಾದರೆ ನೌಕರಿ ಬಿಡಿ ಎಂದು ಖಡಾಖಂಡಿತ ಹೇಳಿದ್ದರು. ಗಂಡನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಬೆಳಗಿನ ಶಿಫ್ಟು. ಇದನ್ನೆಲ್ಲ ಅವರೇ ಒಂದು ದಿನ ಕಾಲೇಜಿನ ಮೆಟ್ಟಿಲ ಮೇಲೆ ನನಗೆ ಹೇಳಿದರು. ಅಂದರೆ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಈಗ ಸುಳ್ಳು ಹೇಳುವಂತಿಲ್ಲ.

ಸರಕಾರ ಹೆಂಗಸರಿಗೆ ಬಸ್ಸಿನ ಟಿಕೆಟ್ ಮಾಫಿ ಮಾಡಿದ ಮೇಲೆ ಮುಂದಿನ ಹೆಂಗಸರ ಸೀಟುಗಳು ಮುಧೋಳದಲ್ಲೇ ತುಂಬಿ ಬರುತ್ತಿದ್ದವು. ಒಂದು ದಿನ ಬೆಳಗಲಿಯಲ್ಲಿ ಹತ್ತಿದ ಮೇಡಂ ಜನರ ನಡುವೆ ಹಾದು ನಮ್ಮ ಹತ್ತಿರ ಬಂದು, ಖಾಲಿ ಸೀಟನ್ನೊಮ್ಮೆ, ಅದರ ಮೇಲಿನ ನೀಲಿ ಚೌಕಳಿಯ ದಸ್ತಿಯನ್ನೊಮ್ಮೆ ನೋಡಿದರು.

"ಸರ, ಮಹಾಲಿಂಗಪೂರ ತನಕ ಕುಂದರಲೇನ್ರಿ?"

"ಕುಂದರಬಹುದಿತ್ರಿ ಮೇಡಂ," ಎಂದರು ಅರ್ಥಶಾಸ್ತ್ರದ ಸರ್, ಬಹಳ ಮೃದುವಾಗಿ. "ಆದ್ರ ಆಮ್ಯಾಲೆ ನಿಮ್ಮನ್ನ ಎಬ್ಬಸೂದು ಛಲೋ ಕಾಣಂಗಿಲ್ಲ. ಕಲೀಗ್ ಬರ್ತಾರ್ರಿ."

ಮೇಡಂ ತಲೆಯಾಡಿಸಿ ಕಂಬಿ ಹಿಡಿದರು. ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಬಸ್ಸು ನಿಂತು, ಹೊರಟು, ಮತ್ತೆ ನಿಂತು ಸಾಗಿತು. ಪ್ರತಿ ಸಲ ಬ್ರೇಕ್ ಹಾಕಿದಾಗ ಅವರು ಒಂದು ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಅವರ ಮುಂದೆ ದಸ್ತಿ ಕಿಟಕಿಯ ಗಾಳಿಗೆ ಸ್ವಲ್ಪ ಸ್ವಲ್ಪ ಅಲುಗಾಡುತ್ತ ಕೂತಿತ್ತು. ನಾನು ಹೊರಗೆ ಕಬ್ಬು ನೋಡಿದೆ.

ಮೂರು ದಿನ ನಾನು ಎದ್ದು ಸೀಟು ಕೊಟ್ಟದ್ದುಂಟು, ಅದನ್ನೂ ಹೇಳಿಬಿಡುತ್ತೇನೆ. ಮೂರನೆಯ ದಿನ ಬಸ್ಸಿಳಿದ ಮೇಲೆ ಅರ್ಥಶಾಸ್ತ್ರದ ಸರ್ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದರು. "ಸರ, ನೀವು ಹಿಂಗ ಎದ್ದೆದ್ದು ನಿಂತ್ರ ನಾಳೆ ಗೆಸ್ಟಿನವರೆಲ್ಲಾ ತಲಿ ಮ್ಯಾಲೆ ಕುಂದರ್ತಾರ. ನಿಮ್ಮ ಸಲುವಾಗಿ ಓಡಿ ದಸ್ತಿ ಒಗೀತೀನಿ, ಅದಕ್ಕರ ಕಿಮ್ಮತ್ತು ಬ್ಯಾಡೇನ್ರಿ?" ನನ್ನ ಮೊಣಕಾಲು ಆಗಲೇ ನೋಯಲು ಸುರುವಾಗಿತ್ತು. ಸ್ಟ್ಯಾಂಡಿನಲ್ಲಿ ಬಸ್ಸಿನ ಹಿಂದೆ ಓಡುವುದು ನನ್ನಿಂದ ಆಗದ ಮಾತು. ಅವರು ದಸ್ತಿ ಒಗೆಯುವುದನ್ನು ಬಿಟ್ಟರೆ ದಿನಾಲು ನಾನೇ ನಿಲ್ಲಬೇಕು. ಅಷ್ಟೇ. ಇಷ್ಟು ಸಣ್ಣ ಕಾರಣಕ್ಕೆ ಒಬ್ಬ ಗಂಡಸು ಬಾಯಿ ಮುಚ್ಚಿಕೊಳ್ಳಬಹುದು ಎಂಬುದನ್ನು ನಾನು ನನ್ನಿಂದಲೇ ಕಲಿತೆ. ನಾಲ್ಕನೆಯ ದಿನ ನಾನು ಏಳಲಿಲ್ಲ.

ಅದೇ ದಿನಗಳಲ್ಲಿ ಕಾಲೇಜಿಗೆ ಪರಿಶೀಲನೆಯ ಕಮಿಟಿ ಬರುವ ಸುದ್ದಿ ಹಬ್ಬಿತು. ಪ್ರಿನ್ಸಿಪಾಲರು ಹೆದರಿದರು. ಕಮಿಟಿಯವರು ಇಂಗ್ಲಿಷಿನಲ್ಲಿ ಮಾತಾಡಿಸಿದರೆ ಗತಿಯೇನು? ಶನಿವಾರ ಮಧ್ಯಾಹ್ನ ಸಿಬ್ಬಂದಿಗೆಲ್ಲ ನಾನು ಇಂಗ್ಲಿಷ್ ಮಾತಾಡಲು ಕಲಿಸಬೇಕೆಂದು ಅಪ್ಪಣೆಯಾಯಿತು. ಮೊದಲ ಶನಿವಾರ ಬೋರ್ಡಿನ ಮೇಲೆ ನಾನು ಬರೆದ ಶಬ್ದ ಯಾವುದು ಎಂದು ಹೇಳಬೇಕಾಗಿಲ್ಲ. ಬೇಕಂತಲೇ ಬರೆದೆನೆಂದು ಈಗ ಅನ್ನಿಸುತ್ತದೆ. ಬಸ್ಸಿನಲ್ಲಿ ಬಾಯಿ ಬಿಡಲಾರದವರು ಬೋರ್ಡಿನ ಮೇಲೆ ಶೌರ್ಯ ತೋರಿಸುತ್ತೇವೆ. ಈ ಶಬ್ದ ಬಳಸಿ ಒಬ್ಬೊಬ್ಬರು ಒಂದೊಂದು ವಾಕ್ಯ ಹೇಳಿ ಎಂದೆ.

ಇತಿಹಾಸದ ಸರ್ ಎದ್ದು, "ಐ ಹ್ಯಾವ್ ಮೆನಿ ಕಲೀಗ್ಸ್" ಎಂದು ಹೇಳಿ, ಹೊಲ ಎಷ್ಟಿದೆ ಎಂದು ಹೇಳಿದವರಂತೆ ಕೂತರು. ಕಾಮರ್ಸ್ ಮೇಡಂ, "ಮೈ ಕಲೀಗ್ಸ್ ಆರ್ ಲೈಕ್ ಮೈ ಬ್ರದರ್ಸ್ ಅಂಡ್ ಸಿಸ್ಟರ್ಸ್" ಎಂದರು. ಹಿಂದಿನ ವಾರವಷ್ಟೇ ಇಬ್ಬರು ಕಲೀಗುಗಳ ಮೇಲೆ ಮಂಡಳಿಗೆ ಅರ್ಜಿ ಬರೆದಿದ್ದರು. ಅರ್ಥಶಾಸ್ತ್ರದ ಸರ್ ಅಂಗಿ ಜಗ್ಗಿಕೊಂಡು ಎದ್ದರು. "ಎ ಗುಡ್ ಮ್ಯಾನ್ ಆಲ್ವೇಸ್ ಹೆಲ್ಪ್ಸ್ ಹಿಸ್ ಕಲೀಗ್." ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಿನ್ಸಿಪಾಲರು, ಇದನ್ನೇ ಕಮಿಟಿಯ ಮುಂದೆ ಹೇಳಬೇಕು ಎಂದರು. ಹೇಳೂದು ಆಚಾರ, ತಿನ್ನೂದು ಬದನಿಕಾಯಿ.

ಗೆಸ್ಟ್ ಜನ ಕೊನೆಯ ಬೆಂಚಿನಲ್ಲಿದ್ದರು. ಅವರ ತನಕ ಬರುವ ಹೊತ್ತಿಗೆ ಚಹಾ ಬಂತು. ಅರ್ಧ ಜನ ಎದ್ದಾಗಿತ್ತು. ಆಗ ಕನ್ನಡದ ಮೇಡಂ ಬೆಂಚು ಹಿಡಿದು ಮೆಲ್ಲಗೆ ಎದ್ದು ನಿಂತು, "ನಂದೊಂದು ವಾಕ್ಯ ಐತ್ರಿ ಸರ" ಎಂದರು. ಆಮೇಲೆ ಹೇಳಿದರು: "ಒನ್ ಸೀಟ್ ಈಸ್ ಎಂಪ್ಟಿ. ಮೈ ಕಲೀಗ್ ಈಸ್ ಕಮಿಂಗ್."

ಎಲ್ಲರೂ ನಕ್ಕರು. ಇದೆಂಥ ವಾಕ್ಯ, ಇದಕ್ಕೇನು ಅರ್ಥ! ಎಲ್ಲರಿಗಿಂತ ಜೋರಾಗಿ ನಕ್ಕವರು ಅರ್ಥಶಾಸ್ತ್ರದ ಸರ್, ಚಹಾ ಅಂಗಿಯ ಮೇಲೆ ಚೆಲ್ಲಿಕೊಂಡು ದಸ್ತಿ ತೆಗೆದು ಒರೆಸಿಕೊಂಡರು. ದಿನಾಲು ತಾನೇ ಆಡುವ ಮಾತು ಎಂದು ಆ ಮನುಷ್ಯನಿಗೆ ಹೊಳೆಯಲೇ ಇಲ್ಲ. ನನಗೆ ಹೊಳೆದಿತ್ತು. ಮೇಡಂ ನನ್ನನ್ನೇ ನೋಡುತ್ತಿದ್ದರು. ನಾನು ಏನು ಮಾಡಿದೆ ಗೊತ್ತೇ? ಎರಡು ವಾಕ್ಯವನ್ನು 'ಬಿಕಾಸ್' ಹಾಕಿ ಒಂದು ಮಾಡಬಹುದು ಎಂದು ಹೇಳಿಕೊಟ್ಟೆ.

ಒಂದು ವಾರ ಕಳೆದಿರಬೇಕು. ಬೆಳಗಲಿಯಲ್ಲಿ, ನಮಸ್ಕಾರ್ರಿ ಸರ ಎನ್ನುತ್ತ ಹತ್ತಿದ ಮೇಡಂ ಹಿಂದೆಯೇ ಒಬ್ಬ ಮುದುಕಿ ಬುಟ್ಟಿ ಹೊತ್ತು ಹತ್ತಿದಳು. ಬನಹಟ್ಟಿಯ ನೇಕಾರರ ಓಣಿಗಳಲ್ಲಿ ತಪ್ಪಲ ಪಲ್ಲೆ, ಅಂದರೆ ಸೊಪ್ಪು, ಮಾರುವವಳು. ಮೆಂತೆ, ರಾಜಗಿರಿ, ಹುಣಸಿಕ್ಕು. ಬುಟ್ಟಿ ಕೆಳಗಿಟ್ಟು ಸುತ್ತ ನೋಡಿದಳು. ಕಂಬಿ ಹಿಡಿದ ಬಸುರಿಯನ್ನು ನೋಡಿದಳು, ಖಾಲಿ ಸೀಟು ನೋಡಿದಳು.

"ಇಲ್ಲಿ ಯಾರದಾರಪಾ?"

"ಕಲೀಗ್ ಬರ್ತಾರ್ರಿ," ಎಂದರು ಸರ್.

"ಬಂದಾಗ ಬರಲಿ. ಈಗ ಯಾರದಾರ?"

"ದಸ್ತಿ ಕಾಣವಲ್ದೇನಬೇ ನಿನಗ?"

ಮುದುಕಿ ದಸ್ತಿಯನ್ನು ಎರಡು ಬೆರಳಿನಿಂದ ಎತ್ತಿ ಹಿಡಿದಳು. "ಮಾಸ್ತರಾ, ಈ ದಸ್ತಿಗಿ ಕಾಲು ನೋಯತಾವೇನಪಾ? ಎಷ್ಟು ತಿಂಗಳಾಗ್ಯಾವು ಇದಕ?"

ಬಸ್ಸೆಲ್ಲ ನಕ್ಕಿತು. ಕಂಡಕ್ಟರನೂ ನಕ್ಕ. ಸರ್ ಮುಖ ಕೆಂಪಗಾಯಿತು. ಮುದುಕಿ ದಸ್ತಿಯನ್ನು ತನ್ನ ಟೊಂಕಕ್ಕೆ ಸಿಗಿಸಿಕೊಂಡು ಮೇಡಂ ಅವರ ತೋಳು ಹಿಡಿದು ಕೂಡಿಸಿದಳು. ತಾನು ಕೆಳಗೆ ಬುಟ್ಟಿಯ ಪಕ್ಕದಲ್ಲೇ ಕೂತಳು. ಆಮೇಲೆ ನನ್ನ ಕಡೆ ತಿರುಗಿದಳು. ನಾನು ಅಷ್ಟು ಹೊತ್ತೂ ಕಬ್ಬು ನೋಡುತ್ತಿದ್ದೆ.

"ಇಕಿ ನಿಮ್ಮನ್ನ ನೋಡಿ ಸರ ಸರ ಅಂತಾಳ. ಇಕಿ ನಿಮಗೇನಾಗಬೇಕ್ರಿ?"

ಬೋರ್ಡಿನ ಮೇಲೆ ದೊಡ್ಡಕ್ಷರದಲ್ಲಿ ಬರೆದು ಊರಿಗೆಲ್ಲ ಕಲಿಸಿದ ಶಬ್ದ ನನ್ನ ನಾಲಿಗೆಯ ಮೇಲೇ ಇತ್ತು. ಪಕ್ಕದಲ್ಲಿ ಅರ್ಥಶಾಸ್ತ್ರದ ಸರ್ ಇದ್ದರು. "ಏನಾಗಬೇಕಿಲ್ಲಬೇ," ಎಂದೆ. "ಹಿಂಗ, ಗುರ್ತಿನವರು." ಮೇಡಂ ಕಿಟಕಿಯ ಆಚೆ ನೋಡತೊಡಗಿದರು. ನಾಚಿಕೆ ಎಂದರೆ ಏನೆಂದು ನನಗೆ ಆಗ ಗೊತ್ತಾಯಿತು, ಆದರೆ ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಮರುದಿನದಿಂದ ಮುದುಕಿಯದು ಅದೇ ಉದ್ಯೋಗ. ಹತ್ತಿದವಳೇ ದಸ್ತಿ ಎತ್ತಿ ಟೊಂಕಕ್ಕೆ ಸಿಗಿಸುವಳು. ಮೂರು ದಸ್ತಿ ಹೋದ ಮೇಲೆ ಸರ್ ತಮ್ಮ ಬ್ಯಾಗು ಇಟ್ಟು ನೋಡಿದರು. ಮುದುಕಿ ಹಸಿ ಮೆಂತೆಯ ಬುಟ್ಟಿಯನ್ನು ಆ ಬ್ಯಾಗಿನ ಮೇಲೆಯೇ ಇಟ್ಟಳು. ಬೆಳಗಲಿಯಿಂದ ಮಹಾಲಿಂಗಪುರಕ್ಕೆ ಬರುವಷ್ಟರಲ್ಲಿ ಬ್ಯಾಗಿನೊಳಗಿನ ಪೇಪರುಗಳೆಲ್ಲ ತೊಯ್ದು ತಪ್ಪಲಾದವು. ಆಮೇಲೆ ಅವರು ಆ ಒಂದು ಸೀಟಿನ ಆಶೆ ಬಿಟ್ಟರು. ಇತಿಹಾಸದ ಸರ್ ನಿಂತು ಬರತೊಡಗಿದರು, ಬಂದು ದಿನಾಲು ಸೊಂಟ ನೋವಿನ ಪುರಾಣ ಹೇಳಿದರು. ಹೀಗೆ ಇಪ್ಪತ್ತಾರು ವರ್ಷ ಓದಿಸಿದ ನಾನು ಮಾಡಲಾರದ್ದನ್ನು ಪಲ್ಲೆ ಮಾರುವವಳು ಮಾಡಿದಳು, ಮೇಡಂ ಸೆಮಿಸ್ಟರಿನ ಕೊನೆಯ ದಿನದವರೆಗೆ ಕೂತು ಬಂದರು. ಕೊನೆಯ ದಿನ ಸಹಿ ಮಾಡಿ, ಪೆನ್ನು ಮುಚ್ಚಿ, "ಮುಗೀತ್ರಿ ಸರ" ಎಂದು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ರಜೆಯಲ್ಲಿ ಹೆಣ್ಣು ಕೂಸು ಹುಟ್ಟಿತೆಂದು ಸುದ್ದಿ ಬಂತು.

ಕಾಲೇಜು ತೆರೆದಾಗ ಗೆಸ್ಟ್ ಜನರ ಯಾದಿ ನೋಟಿಸ್ ಬೋರ್ಡಿಗೆ ಬಂತು. ಮೇಡಂ ಹೆಸರಿರಲಿಲ್ಲ. ನಾನು ಪ್ರಿನ್ಸಿಪಾಲರನ್ನು ಕೇಳಿದೆ. "ಕೂಸಿನಾಕಿ ಅದಾಳ್ರಿ, ಇನ್ನ ದಿನಾ ಒಂದು ನೆವಾ ಹೇಳ್ತಾಳ. ಅರ್ಥಶಾಸ್ತ್ರದ ಸರ್ ಹೇಳಿದ್ದು ಖರೆ ಐತಿ" ಎಂದರು. ಕೊನೆಯ ದಿನದವರೆಗೆ ಬಂದವರಿಗೆ ಮೊದಲು ಎಂಬ ನಿಯಮ? ಅದು ನಿಯಮವಲ್ಲವಂತೆ, ರೂಢಿಯಂತೆ. ದಸ್ತಿಗೆ ಇರುವ ಕಾಯಿದೆಯ ಬಲ ಮನುಷ್ಯರಿಗೆ ಇರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಮೇಡಂ ಫೋನ್ ಮಾಡಿದರು. ಜಮಖಂಡಿಯ ಒಂದು ಕಾಲೇಜಿನಲ್ಲಿ ಕನ್ನಡಕ್ಕೆ ಜಾಗ ಖಾಲಿ ಇದೆ, ಐದು ವರ್ಷ ವಿಭಾಗದಲ್ಲಿ ಪಾಠ ಮಾಡಿದ ಅನುಭವ ಕೇಳಿದ್ದಾರೆ, ಒಂದು ಪತ್ರ ಬೇಕು. ಕಾಲೇಜಿನ ಇಂಗ್ಲಿಷ್ ಪತ್ರಗಳನ್ನೆಲ್ಲ ಬರೆಯುವವನು ನಾನೇ. ಆ ಸಂಜೆ ಕೂತು ಮನಸ್ಸಿಟ್ಟು ಬರೆದೆ. ಐದು ವರ್ಷ ಇವರು ನಮ್ಮ ಕನ್ನಡ ವಿಭಾಗದಲ್ಲಿ ನಮ್ಮ ಕಲೀಗ್ ಆಗಿದ್ದರು, ಒಂದು ದಿನವೂ ಪಾಠ ತಪ್ಪಿಸಿದವರಲ್ಲ, ಎಂದು. ಆ ಶಬ್ದವನ್ನು ಜೀವನದಲ್ಲಿ ಒಮ್ಮೆಯಾದರೂ ಸರಿಯಾದ ಜಾಗದಲ್ಲಿ ಇಟ್ಟೆ ಎಂದು ನನಗೆ ಸಮಾಧಾನವಾಯಿತು.

ಪ್ರಿನ್ಸಿಪಾಲರು ಸಹಿ ಮಾಡುವ ಮೊದಲು ಪತ್ರವನ್ನು ಅರ್ಥಶಾಸ್ತ್ರದ ಸರ್ ಕೈಗೆ ಕೊಟ್ಟರು, ಕಾಯಿದೆಯ ವಿಷಯ ಅವರಿಗೆ ತಿಳಿಯುತ್ತದೆ ಎಂದು. ಸರ್ ಓದುತ್ತ ಓದುತ್ತ ಜೇಬಿನಿಂದ ಕೆಂಪು ಪೆನ್ನು ತೆಗೆದು ಒಂದು ಶಬ್ದದ ಮೇಲೆ ಗೆರೆ ಎಳೆದರು.

"ಇದು ಬ್ಯಾಡ್ರಿ ಸರ."

"ಯಾಕ್ರಿ?"

"ಗೆಸ್ಟಿನವರು ಕಲೀಗ್ ಹೆಂಗ ಆಗ್ತಾರ್ರಿ? ನಾಳೆ ಇದ ಕಾಗದಾ ಹಿಡಕೊಂಡು ನನ್ನ ಕಾಯಂ ಮಾಡ್ರಿ ಅಂತ ಕೋರ್ಟಿಗಿ ಹೋದ್ರ? ಸಾಕ್ಷಿ ಹೇಳಾಕ ನೀವು ಬರ್ತೀರೇನು?"

ಬರ್ತೀನಿ ಎನ್ನಬೇಕಿತ್ತು. ಮೂರಕ್ಷರ. ಪ್ರಿನ್ಸಿಪಾಲರು ನನ್ನ ಮುಖ ನೋಡುತ್ತಿದ್ದರು. ನನಗೆ ನಿವೃತ್ತಿಗೆ ಉಳಿದದ್ದು ಸ್ವಲ್ಪ ವರ್ಷ, ನನ್ನ ಕಾಗದಪತ್ರಗಳೂ ಅದೇ ಟೇಬಲ್ಲಿನ ಮೇಲೆ ಹಾದುಹೋಗಬೇಕು. ನಾನು ಪತ್ರ ತೆಗೆದುಕೊಂಡು ಬಂದು ಮತ್ತೆ ಬರೆದೆ. ಇವರನ್ನು ಅಗತ್ಯವಿದ್ದಾಗ ತಾಸಿನ ಲೆಕ್ಕದಲ್ಲಿ ಕರೆಯಿಸಿಕೊಳ್ಳಲಾಗುತ್ತಿತ್ತು, ಎಂದು. ತಾಸಿನ ಲೆಕ್ಕದವರ ಅನುಭವವನ್ನು ಜಮಖಂಡಿಯವರು ಹಿಡಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ, ಒಂದೂ ತಪ್ಪಿಲ್ಲದೆ ಬರೆದೆ.

ಮೇಡಂ ಕೂಸನ್ನೆತ್ತಿಕೊಂಡು ಪತ್ರ ಒಯ್ಯಲು ಬಂದರು. ವರಾಂಡದಲ್ಲಿ ನಿಂತು ಓದಿದರು. ಎರಡು ಸಲ ಓದಿದರು. ಏನಾದರೂ ಅಂದಾರು, ಅಂದರೆ ಚೆನ್ನಾಗಿತ್ತು ಎಂದು ನಾನು ಕಾದೆ. ಪತ್ರ ಮಡಚಿ ಕೂಸಿನ ಬಟ್ಟೆಯ ಚೀಲದಲ್ಲಿ ಇಟ್ಟುಕೊಂಡು, "ಬರ್ತೀನ್ರಿ ಸರ" ಎಂದರು.

ಸಂಜೆ ಮುಧೋಳದ ಬಸ್ಸು ತುಂಬಿತ್ತು. ಅರ್ಥಶಾಸ್ತ್ರದ ಸರ್ ಅಂದು ಯಾವುದೋ ಮದುವೆಗೆಂದು ಬೇಗ ಹೋಗಿದ್ದರು, ಹಾಗಾಗಿ ನನಗೆ ದಸ್ತಿ ಒಗೆಯುವವರಿರಲಿಲ್ಲ. ಒಳಗೆ ಹೋದರೆ ಮೂವರು ಕೂಡುವ ಸೀಟಿನಲ್ಲಿ ಮೇಡಂ, ತೊಡೆಯ ಮೇಲೆ ಕೂಸು. ಪಕ್ಕದಲ್ಲಿ ಅದೇ ಪಲ್ಲೆಯ ಮುದುಕಿ, ಖಾಲಿ ಬುಟ್ಟಿ. ಮೂರನೆಯ ಜಾಗದಲ್ಲಿ ಬಟ್ಟೆಯ ಚೀಲ. ನನ್ನ ಪತ್ರ ಅದರಲ್ಲೇ ಇತ್ತು. ನಾನು ಕಂಬಿ ಹಿಡಿದು ಬೇರೆ ಕಡೆ ಮುಖ ಮಾಡಿ ನಿಂತೆ. ಮುದುಕಿಗೆ ನನ್ನ ಗುರುತು ಸಿಕ್ಕಿತು.

"ಆ ಮಾಸ್ತರ ನಿಮ್ಮ ಕಾಲೇಜಿನ್ಯಾವರಲ್ಲೇನ ತಂಗಿ? ನಿನಗೇನಾಗಬೇಕು ಅವರು?"

ಮೇಡಂ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ಸಿಟ್ಟಾದರೂ ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಏನಾಗಬೇಕಿಲ್ಲ ಯಮ್ಮಾ. ಗುರ್ತಿನವರು."

ಹಾಗೆಂದು ಚೀಲ ಎತ್ತಿ ಕಾಲ ಹತ್ತಿರ ಇಟ್ಟುಕೊಂಡರು. ಸ್ವಲ್ಪ ಒಳಗೆ ಸರಿದರು. "ಕುಂದರ್ರಿ ಸರ. ಇಲ್ಲಿ ಯಾರೂ ಬರಾವ್ರಿಲ್ಲ."

ಬಸ್ಸು ಹೊರಟಿತ್ತು. ನನ್ನ ಮೊಣಕಾಲು ನೋಯುತ್ತಿತ್ತು. ನಾನು ಕೂತೆ.